ಹಳೆಯ ಎನ್‌ಲಾರ್ಜರಿನ ಕ್ರಯವೂ ಪರೀಕ್ಷೆಯೂ

ಹೊಸಪೇಟೆ, ಸಂಡೂರು, ಕಂಪ್ಲಿ ಮೊದಲಾದ ಊರುಗಳಲ್ಲಿ ಫೋಟೋ ಸ್ಟುಡಿಯೋ ಎಂದರೆ ಅದರ ಹಿಂಬದಿಯಲ್ಲಿ ಒಂದು ಕತ್ತಲೆ ಕೋಣೆ ಇರಬೇಕೆಂಬ ಕಾಲವೊಂದಿದ್ದಿತು. ಆ ಕೋಣೆಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಅವುಗಳೊಳಗಿದ್ದ ಎನ್‌ಲಾರ್ಜರುಗಳು, ಎಂದರೆ ನೆಗೆಟಿವಿನ ಬಿಂಬವನ್ನು ದೀಪ ಮತ್ತು ಲೆನ್ಸುಗಳ ಸಹಾಯದಿಂದ ದೊಡ್ಡದು ಮಾಡಿ ಕಾಗದದ ಮೇಲೆ ಇಳಿಸುವ ಯಂತ್ರಗಳು, ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಇವುಗಳ ವಿಷಯದಲ್ಲಿ ವಿದ್ಯಾವಂತರೊಳಗೇ ಎರಡು ಮತಗಳು ಹುಟ್ಟಿಕೊಂಡಿವೆ. ಕಾಲ ಮುಗಿದ ಯಂತ್ರವನ್ನು ಗುಜರಿಗೆ ಹಾಕಿ ಕಬ್ಬಿಣದ ಬೆಲೆಯನ್ನಾದರೂ ಪಡೆಯಬೇಕೆಂಬುದು ಒಂದು ಮತ. ಪರದೇಶದ ಹೆಸರಾಂತ ಕಾರ್ಖಾನೆಯ ಮುದ್ರೆಯಿದ್ದರೆ ಕೇಳಿದ ಬೆಲೆಯನ್ನು ಕೊಟ್ಟು ತರಬೇಕೆಂಬುದು ಇನ್ನೊಂದು ಮತ. ಈ ಉಭಯ ಮತಗಳವರೂ ಪರಸ್ಪರ ವಾದಿಸುತ್ತಿರುವರಾದರೂ ಒಂದು ವಿಷಯದಲ್ಲಿ ಅವರಲ್ಲಿ ಪೂರ್ಣವಾದ ಐಕಮತ್ಯವಿದೆ: ಯಂತ್ರವನ್ನು ಪರೀಕ್ಷಿಸಿ ನೋಡುವ ಶ್ರಮವನ್ನು ಇಬ್ಬರೂ ತೆಗೆದುಕೊಳ್ಳುವುದಿಲ್ಲ.

ಇವರಲ್ಲಿ ಎರಡನೆಯವರಿಂದಲೇ ಹೆಚ್ಚಿನ ಹಾನಿಯೆಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಗುಜರಿಗೆ ಹಾಕುವವನು ಒಂದು ಯಂತ್ರವನ್ನು ಮಾತ್ರ ಕೆಡಿಸುವನು. ಪರೀಕ್ಷಿಸದೆ ಕೊಂಡವನಾದರೋ ಹಣ ಕಳೆದುಕೊಳ್ಳುವನು. ಎರಡು ದಿನ ಕೆಲಸ ಮಾಡಿ ಮಂಕಾದ ಚಿತ್ರಗಳನ್ನು ಪಡೆಯುವನು. ಅನಂತರ ಅದನ್ನು ಅಟ್ಟಕ್ಕೇರಿಸಿ, ತಾನು ಕೈಯಾರೆ ಕೊಂಡು ನೋಡಿದುದಾಗಿಯೂ ಈ ವಿದ್ಯೆಯಲ್ಲಿ ಏನೂ ಸತ್ತ್ವವಿಲ್ಲವೆಂದೂ ಊರಿಗೆಲ್ಲ ಸಾರುವನು. ಗುಜರಿ ಮತಕ್ಕೆ ಇವನಿಗಿಂತ ಬಲವಾದ ಸಾಕ್ಷಿ ಮತ್ತಾರು? ಯಂತ್ರವು ಹೋದ ಮೇಲೆ ಅದರ ಹಿಂದೆಯೇ ಮನೆಯಲ್ಲಿರುವ ನೆಗೆಟಿವುಗಳೂ ಹೋಗುವುವು. ಉಪಯೋಗವಿಲ್ಲದ ಗಾಜಿನ ಪೆಟ್ಟಿಗೆಯನ್ನು ಎಷ್ಟು ಕಾಲ ಇಟ್ಟುಕೊಂಡಿರುವುದೆಂದು ಮನೆಯವರು ಕೇಳಿದರೆ ಉತ್ತರವಿರುವುದಿಲ್ಲ. ವಾದದ ಮೂಲವಿರುವುದು ಇಲ್ಲಿ. ಯಂತ್ರವು ಅಳಿದರೆ ಅಂತಹ ಇನ್ನೊಂದು ಯಂತ್ರವು ಎಲ್ಲಿಯಾದರೂ ದೊರೆತೀತು. ನೆಗೆಟಿವು ಅಳಿದರೆ ಅದಕ್ಕೆ ಎರಡನೆಯ ಪ್ರತಿಯಿಲ್ಲ.

ನೆಗೆಟಿವಿನ ಮಹಿಮೆಯನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾದುದಿಲ್ಲ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ಹಂಪೆಯ ಹಾಳುಗಳನ್ನು ಮೇಣ ಪೂಸಿದ ಕಾಗದದ ನೆಗೆಟಿವುಗಳ ಮೇಲೆ ಹಿಡಿದನು. ಅವುಗಳ ಅಳತೆ ಸುಮಾರು 16 ಅಂಗುಲಕ್ಕೆ 18 ಅಂಗುಲ. ಬಹುಕಾಲ ಲೋಕದ ಕಣ್ಣಿಗೆ ಬೀಳದೆ ಇದ್ದ ಆ ಕಾಗದಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿದ್ವಾಂಸರಿಗೆ ದೊರೆತುವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಚಿತ್ರಗಾರನು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನು ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದನು. ಎರಡನ್ನೂ ಒತ್ತಟ್ಟಿಗೆ ಇಟ್ಟು ನೋಡಿದರೆ ವಿಠ್ಠಲಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಇದ್ದಿತೆಂಬುದು ಕಣ್ಣಿಗೆ ಕಟ್ಟುವುದು. ಇಂದು ರಥವಿದೆ, ಶಿಖರವಿಲ್ಲ. ಒಂದು ಕಾಗದದ ಹಾಳೆಯು ಉಳಿಯದಿದ್ದರೆ ಆ ಶಿಖರದ ರೂಪವನ್ನು ಇಷ್ಟು ಸ್ಪಷ್ಟವಾಗಿ ಕಾಣುವ ಬಗೆಯೆಲ್ಲಿ? ಇದೇ ಸೀಮೆಯ ಅಟ್ಟಗಳ ಮೇಲೆ ತುಂಗಭದ್ರೆಯ ಅಣೆಕಟ್ಟಿಗೆ ಮುಂಚಿನ ಊರುಗಳು, ಜಾತ್ರೆ, ಮದುವೆ, ಶಾಲೆಯ ಸಮೂಹಚಿತ್ರಗಳ ನೆಗೆಟಿವುಗಳು ಎಷ್ಟಿರಬಹುದೋ ಎಣಿಸಿದವರಿಲ್ಲ.

ಆದರೆ ಗ್ರೀನ್‌ಲಾನ ಕಾರ್ಯದಲ್ಲಿ ಎನ್‌ಲಾರ್ಜರಿಗೆ ಸ್ಥಾನವೇ ಇರಲಿಲ್ಲವೆಂಬುದನ್ನು ಅಭಿಮಾನಿಗಳು ಮರೆಯುವರು. ನೆಗೆಟಿವು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ನೆಗೆಟಿವನ್ನು ಕಾಗದದ ಮೇಲೆ ಒತ್ತಿ ಬಿಸಿಲಿಗೆ ಹಿಡಿದರೆ ಮುಗಿಯಿತು. 1854ರಲ್ಲಿ ಬೇಲೂರು ಹಳೇಬೀಡುಗಳ ಚಿತ್ರ ತೆಗೆದ ಲಿನೇಯಸ್ ಟ್ರೈಪನದೂ ಇದೇ ಕ್ರಮ. ಆದುದರಿಂದ 8 ಅಂಗುಲಕ್ಕೆ 10 ಅಂಗುಲದ ನೆಗೆಟಿವುಳ್ಳವನು ಅಷ್ಟೇ ಗಾತ್ರದ ಚಿತ್ರದಿಂದ ತೃಪ್ತನಾಗುವನಾದರೆ ಅವನಿಗೆ ಬೇಕಾದುದು ಒಂದು ದಪ್ಪ ಗಾಜು, ಒಂದು ಮರದ ಚೌಕಟ್ಟು, ಒಂದು ದೀಪ. ಇಷ್ಟಕ್ಕೆ ಆಳೆತ್ತರವನ್ನು ಮೀರಿದ ಯಂತ್ರವೊಂದನ್ನು ಲಾರಿಯ ಮೇಲೆ ತರಿಸಿ, ಅದು ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆಯಿಸುವುದು ಪಾಂಡಿತ್ಯವಲ್ಲ. ದೊಡ್ಡದಾದುದೆಲ್ಲ ಉತ್ತಮವೆಂಬ ಭ್ರಾಂತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಇನ್ನು ಹಿಗ್ಗಿಸಲೇಬೇಕಾದ ನೆಗೆಟಿವುಗಳ ವಿಚಾರ. ಕೊಳ್ಳುವವರು ಮೊಟ್ಟಮೊದಲು ತಪ್ಪುವುದು ಇಲ್ಲಿಯೇ. ಈಗಿನ ಕೈಪಿಡಿಗಳೆಲ್ಲವೂ 4 ಅಂಗುಲಕ್ಕೆ 5 ಅಂಗುಲದ ಎನ್‌ಲಾರ್ಜರನ್ನು ಹೊಗಳುವುವು. ಒಮೆಗಾ ಡಿ2, ಬೆಸ್ಲರ್ 45, ಡಿವೇರ್ 504 ಎಂಬ ಹೆಸರುಗಳು ಬಾಯಿಪಾಠವಾಗಿವೆ. ಇವು ಒಳ್ಳೆಯ ಯಂತ್ರಗಳೆಂಬುದರಲ್ಲಿ ವಿವಾದವಿಲ್ಲ. ಆದರೆ ಈ ದೇಶದ ಹಳೆಯ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದ ಅಳತೆಗಳು ಬೇರೆ. ಕ್ವಾರ್ಟರ್ ಪ್ಲೇಟು 3¼ ಅಂಗುಲಕ್ಕೆ 4¼. ಹಾಫ್ ಪ್ಲೇಟು 4¾ ಅಂಗುಲಕ್ಕೆ 6½. ಫುಲ್ ಪ್ಲೇಟು 6½ ಅಂಗುಲಕ್ಕೆ 8½. ಮೊದಲನೆಯದು 4x5 ಯಂತ್ರದಲ್ಲಿ ಸುಖವಾಗಿ ಕುಳಿತುಕೊಳ್ಳುವುದು. ಹಾಫ್ ಪ್ಲೇಟು ಕುಳಿತುಕೊಳ್ಳದು. ಎರಡು ಪಕ್ಕಗಳಲ್ಲಿಯೂ ಹೊರಗುಳಿಯುವುದು. ಸಮೂಹಚಿತ್ರಗಳು ಬಹಳವಾಗಿ ಹಾಫ್ ಪ್ಲೇಟಿನವೇ ಅಥವಾ ಫುಲ್ ಪ್ಲೇಟಿನವೇ ಆಗಿರುವುದರಿಂದ, 4x5 ಯಂತ್ರವನ್ನು ಕೊಂಡ ಗೃಹಸ್ಥನು ಅಜ್ಜನ ಮದುವೆಯ ಚಿತ್ರದಲ್ಲಿ ವಧೂವರರನ್ನು ಮಾತ್ರ ಉಳಿಸಿಕೊಂಡು ಬೀಗರನ್ನು ಕೈಬಿಡಬೇಕಾಗುವುದು. ಅವನಿಗೆ ಬೇಕಾದುದು 5 ಅಂಗುಲಕ್ಕೆ 7 ಅಂಗುಲದ ಯಂತ್ರ, ಎಂದರೆ ಡರ್ಸ್ಟ್ 138 ಅಥವಾ ಡಿವೇರ್ 507ರಂತಹದು. ಫುಲ್ ಪ್ಲೇಟಿಗೆ ಅದೂ ಸಾಲದು; ಅದನ್ನು ಒತ್ತುಮುದ್ರೆಯಿಂದಲೇ ತೆಗೆದುಕೊಳ್ಳುವುದು ಮೇಲು. ಯಂತ್ರದ ಹೆಸರನ್ನು ವಿಚಾರಿಸುವುದಕ್ಕೆ ಮುಂಚೆ ಅಟ್ಟ ಹತ್ತಿ ನೆಗೆಟಿವುಗಳನ್ನು ಅಳತೆ ಮಾಡಿದವರು ಎಷ್ಟು ಮಂದಿ?

ಇದರ ಮೇಲೆ ಕೊಳ್ಳುವವರು ಹೇಳುವ ಸಮಾಧಾನವೊಂದಿದೆ: ಮಾರುವವನೇ ಯಂತ್ರವು ಸರಿಯಾಗಿದೆಯೆಂದು ಹೇಳಿರುವನಷ್ಟೆ! ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನು ಒಪ್ಪಿರುವರು. ಶಬ್ದವು ಪ್ರಮಾಣವಾಗಬೇಕಾದರೆ ನುಡಿಯುವವನು ಆಪ್ತನಾಗಿರಬೇಕು. ವಸ್ತುವನ್ನು ಇದ್ದಂತೆ ಬಲ್ಲವನೂ ಬಲ್ಲುದನ್ನು ಇದ್ದಂತೆ ನುಡಿಯುವವನೂ ಆಪ್ತನು. ತಂದೆಯ ಸ್ಟುಡಿಯೋದ ಸಾಮಾನನ್ನು ಮಾರುವ ಮಗನಲ್ಲಿ ಎರಡನೆಯ ಗುಣವಿದ್ದರೂ ಮೊದಲನೆಯದು ಇರಲಾರದು. ಅವನು ಆ ಯಂತ್ರದಲ್ಲಿ ಒಂದು ಚಿತ್ರವನ್ನೂ ತೆಗೆದವನಲ್ಲ. ವ್ಯಾಪಾರಿಯಲ್ಲಿ ಮೊದಲನೆಯದು ಇರಬಹುದು. ಎರಡನೆಯದರ ವಿಷಯದಲ್ಲಿ ಮೌನವೇ ಲೇಸು. ದೀಪ ಹತ್ತಿಸಿ ತೋರಿಸಿ, ನೋಡಿ, ನಡೆಯುತ್ತದೆ ಎಂದು ಇಬ್ಬರೂ ಹೇಳುವರು. ದೀಪ ಹತ್ತಿದ ಮಾತ್ರದಿಂದ ಎನ್‌ಲಾರ್ಜರು ಸರಿಯೆಂದಾದರೆ ಬೀದಿಯ ಕಂಬವೂ ಎನ್‌ಲಾರ್ಜರೇ ಆಗಬೇಕು.

ಅನ್ನವು ಬೆಂದಿದೆಯೋ ಇಲ್ಲವೋ ತಿಳಿಯಲು ಪಾತ್ರೆಯಿಂದ ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಈ ಸ್ಥಾಲೀಪುಲಾಕ ನ್ಯಾಯವು ಇಲ್ಲಿ ಸಲ್ಲುವುದಿಲ್ಲ. ಎನ್‌ಲಾರ್ಜರಿನ ಒಂದು ಅಂಗ ಚೆನ್ನಾಗಿದ್ದುದರಿಂದ ಇನ್ನೊಂದು ಚೆನ್ನಾಗಿದೆಯೆಂದು ಊಹಿಸಲಾಗದು. ಹೊಳೆಯುವ ಕಂಬದ ಮೇಲೆ ತೂತಾದ ತಿದಿಯಿರಬಹುದು. ತುಕ್ಕು ಹಿಡಿದ ಪೆಟ್ಟಿಗೆಯೊಳಗೆ ನಿರ್ಮಲವಾದ ಲೆನ್ಸಿರಬಹುದು. ಪ್ರತಿಯೊಂದು ಅಗುಳನ್ನೂ ಹಿಸುಕಬೇಕು.

ಸಮಸ್ತ ಪರೀಕ್ಷೆಗಳಲ್ಲಿಯೂ ಮುಖ್ಯವಾದುದು ಸಮಾಂತರತೆಯ ಪರೀಕ್ಷೆ. ನೆಗೆಟಿವು ಕುಳಿತುಕೊಳ್ಳುವ ತಲ, ಲೆನ್ಸಿನ ತಲ, ಕಾಗದವನ್ನಿಡುವ ತಳಹಲಗೆ, ಈ ಮೂರೂ ಒಂದಕ್ಕೊಂದು ಸಮಾಂತರವಾಗಿರಬೇಕು. ಇಲ್ಲವಾದರೆ ಚಿತ್ರದ ಒಂದು ಮೂಲೆ ನಿಚ್ಚಳವಾಗಿಯೂ ಎದುರಿನ ಮೂಲೆ ಮಸುಕಾಗಿಯೂ ಬರುವುದು. ಗಾರೆ ಕೆಲಸದವರ ರಸಮಟ್ಟವೊಂದನ್ನು ಮೂರು ಕಡೆಗಳಲ್ಲಿಯೂ ಎರಡೆರಡು ದಿಕ್ಕುಗಳಲ್ಲಿ ಇಟ್ಟು ನೋಡಿದರೆ ಸ್ಥೂಲವಾದ ದೋಷಗಳು ಹೊರಬೀಳುವುವು. ಸೂಕ್ಷ್ಮಕ್ಕೆ ಬೇರೊಂದು ಉಪಾಯವಿದೆ. ಹಾಳಾದ ಫಿಲ್ಮಿನ ಮೇಲೆ ಸೂಜಿಯಿಂದ 100 ಮಿಲಿಮೀಟರು ಉದ್ದ, 80 ಮಿಲಿಮೀಟರು ಅಗಲದ ಆಯತವನ್ನು ಗೀರಿ, ನಾಲ್ಕು ಪಟ್ಟು ಹಿಗ್ಗಿಸಿ, ತಳಹಲಗೆಯ ಮೇಲೆ ಬಿದ್ದ ಬಿಂಬವನ್ನು ಅಳೆಯಬೇಕು. ಎದುರುಬದುರು ಭುಜಗಳು 400ಕ್ಕೆ 400, 320ಕ್ಕೆ 320 ಬಂದರೆ ಸರಿ. ಒಂದು ಭುಜ 320 ಆಗಿ ಎದುರಿನದು 324 ಆದರೆ ಎಲ್ಲಿಯೋ ಓರೆಯಿದೆ. ಕರ್ಣಗಳೆರಡನ್ನೂ ಅಳೆದು ಅವು ಸಮವಾದರೆ ಸಾಕೆಂದು ಕೆಲವರು ಬೋಧಿಸುವುದುಂಟು. ಎಂಟನೆಯ ತರಗತಿಯ ರೇಖಾಗಣಿತವನ್ನು ಅವರು ಮರೆತಿರಬೇಕು. ಸಮದ್ವಿಬಾಹು ತ್ರಾಪಿಜ್ಯದ ಕರ್ಣಗಳೂ ಸಮವೇ. ಓರೆಯಾದ ಯಂತ್ರವು ಕೊಡುವುದು ಸಾಮಾನ್ಯವಾಗಿ ಆ ಆಕೃತಿಯನ್ನೇ. ಈ ಅಳತೆಯನ್ನು ಯಂತ್ರದ ತಲೆಯು ಕೆಳಗಿರುವಾಗ ಒಮ್ಮೆ, ಮೇಲಿರುವಾಗ ಒಮ್ಮೆ ಮಾಡತಕ್ಕದ್ದು. ಕೆಳಗೆ ಸರಿಯಿದ್ದು ಮೇಲೆ ತಪ್ಪಿದರೆ ಕಂಬವೇ ಬಾಗಿದೆಯೆಂದು ತಿಳಿಯಬೇಕು. ಓರೆಯಾದ ತಲವನ್ನು ತಿರುಪುಗಳಿಂದ ತಿದ್ದಬಹುದು. ಬಾಗಿದ ಕಂಬವನ್ನು ತಿದ್ದುವವರು ಈ ಸೀಮೆಯಲ್ಲಿ ವಿರಳ.

ಇಲ್ಲೊಂದು ಕಪಟವನ್ನು ಗಮನಿಸಬೇಕು. ಲೆನ್ಸಿನ ತೆರಪನ್ನು ಕಿರಿದು ಮಾಡಿದರೆ ನಿಚ್ಚಳದ ವ್ಯಾಪ್ತಿ ಹೆಚ್ಚಿ ಎಲ್ಲ ದೋಷಗಳೂ ಅಡಗುವುವು. ಮಾರುವವರು ಬಿಂಬವನ್ನು ತೋರಿಸುವಾಗ ತೆರಪನ್ನು ಎಫ್ 16ಕ್ಕೋ 22ಕ್ಕೋ ಇಟ್ಟಿರುವುದು ಕಾಕತಾಳೀಯವಲ್ಲ. ತೆರಪನ್ನು ಪೂರ್ಣವಾಗಿ ತೆರೆಯಿಸಿ, ನಾಲ್ಕು ಮೂಲೆಗಳನ್ನೂ ಭೂತಗನ್ನಡಿಯಿಂದ ನೋಡಿದ ಮೇಲೆಯೇ ಮಾತಿಗೆ ಬೆಲೆ. ಆಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತು ಮತ್ತೆ ನೋಡಬೇಕು. ಹಿಡಿತ ಸವೆದಿದ್ದರೆ ತಲೆಯ ಭಾರಕ್ಕೆ ಯಂತ್ರವು ತಾನಾಗಿಯೇ ಕೂದಲೆಳೆಯಷ್ಟು ಕೆಳಗಿಳಿದು ಬಿಂಬವು ಕದಡಿರುವುದು.

ಲೆನ್ಸಿನ ವಿಚಾರವನ್ನು ಹೆಚ್ಚಾಗಿ ಬೆಳೆಸಬೇಕಾದುದಿಲ್ಲ. ಟಾರ್ಚಿನ ಬೆಳಕನ್ನು ಹಿಂದಿನಿಂದ ಹಾಯಿಸಿ ನೋಡಿದರೆ ಬೂಷ್ಟಿನ ಜೇಡನಬಲೆ, ಮಂಜು, ಅಂಟು ಬಿಟ್ಟ ಗಾಜುಗಳ ಅಂಚು ಎಲ್ಲವೂ ಕಾಣುವುವು. ಒಂದೆರಡು ಗೀರುಗಳಿಂದ ಕೆಡುವುದೇನಿಲ್ಲ, ಮಂಜಿನಿಂದ ಸರ್ವನಾಶ. ನಾಭಿದೂರವು ನೆಗೆಟಿವಿನ ಕರ್ಣಕ್ಕೆ ಸುಮಾರಾಗಿ ಸಮವಿರಬೇಕು. ಹಾಫ್ ಪ್ಲೇಟಿನ ಕರ್ಣ 204 ಮಿಲಿಮೀಟರು. ಆದುದರಿಂದ 210 ಮಿಲಿಮೀಟರಿನ ಲೆನ್ಸು. 4x5ಕ್ಕೆ 150 ಸಾಕು. ಯಂತ್ರದೊಡನೆ 50 ಮಿಲಿಮೀಟರಿನ ಲೆನ್ಸನ್ನು ಸೇರಿಸಿ, ಲೆನ್ಸು ಸಹಿತ ಎಂದು ಮಾರುವುದುಂಟು. ಅದು ಚಿಕ್ಕ 35 ಮಿಲಿಮೀಟರು ಫಿಲ್ಮಿನ ಲೆನ್ಸು. ದೊಡ್ಡ ಪ್ಲೇಟಿನ ನಡುವೆ ಒಂದು ತಟ್ಟೆಯಷ್ಟು ಚಿತ್ರವನ್ನು ಕೊಟ್ಟು ಸುತ್ತಲೂ ಅಮಾವಾಸ್ಯೆಯನ್ನು ಉಳಿಸುವುದು.

ಬೆಳಕಿನ ಮೂಲವು ಇದಕ್ಕಿಂತ ಗಹನವಾದುದು. ಗ್ರಾಹಕರು ಇದನ್ನು ಕೇಳುವುದೇ ಇಲ್ಲ. ಬೆಳಕನ್ನು ದಪ್ಪ ಗಾಜುಗಳಿಂದ ಕೇಂದ್ರೀಕರಿಸುವ ಕಂಡೆನ್ಸರಿನ ಪದ್ಧತಿಯೊಂದು, ಹಾಲುಗಾಜಿನಿಂದ ಹರಡುವ ಪದ್ಧತಿಯೊಂದು. ಕಂಡೆನ್ಸರು ನೆಗೆಟಿವಿನ ಕರ್ಣಕ್ಕಿಂತ ಅಗಲವಾಗಿರಬೇಕು. ಲೆನ್ಸು ಬದಲಾದರೆ ಅದಕ್ಕೆ ತಕ್ಕ ಕಂಡೆನ್ಸರೂ ಬೇಕು. ಅದರ ಬೆಳಕಿನಲ್ಲಿ ಚಿತ್ರದ ಕಪ್ಪು ಬಿಳುಪುಗಳು ಗಡಸಾಗಿ, ನೆಗೆಟಿವಿನ ಧೂಳು ಗೀರುಗಳು ಒಂದೂ ಬಿಡದೆ ಮೂಡುವುವು. ಹರಡಿದ ಬೆಳಕು ಮೃದು. ಹಳೆಯ ಕಾಲದ ಪ್ಲೇಟುಗಳನ್ನು ಬಿಸಿಲಿನ ಮುದ್ರಣಕ್ಕಾಗಿ ದಟ್ಟವಾಗಿ ತೊಳೆಯುತ್ತಿದ್ದುದರಿಂದ ಅವು ಮೊದಲೇ ಗಡಸು. ಮೇಲಾಗಿ ಗೀರುಗಳಿಗೂ ಕೊರತೆಯಿಲ್ಲ. ಅವುಗಳಿಗೆ ಹರಡಿದ ಬೆಳಕೇ ಯೋಗ್ಯ. ಆದರೂ ಕಂಡೆನ್ಸರಿನ ದಪ್ಪ ಗಾಜನ್ನು ಕಂಡು ಮರುಳಾಗುವವರೇ ಹೆಚ್ಚು. ಹಳೆಯ ತಂಪು ಬೆಳಕಿನ ಕೊಳವೆಗಳಿದ್ದರೆ ಎರಡು ಬಾರಿ ಯೋಚಿಸಬೇಕು. ಅವುಗಳ ಬೆಳಕಿನಲ್ಲಿ ನೀಲಿ ಅಧಿಕ. ಈಗ ದೊರೆಯುವ ಬಹುದರ್ಜೆಯ ಕಾಗದಕ್ಕೆ ನೀಲಿ ಹಸುರುಗಳೆರಡೂ ಬೇಕು. ಕೊಳವೆ ಸುಟ್ಟರೆ ಹೊಸದು ಸಿಗುವುದು ಕಷ್ಟ. ಹ್ಯಾಲೊಜೆನ್ ದೀಪದ ಯಂತ್ರಗಳಲ್ಲಿ ದೀಪಕ್ಕೆ ಕಡಮೆ ವೋಲ್ಟಿನ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯೊಂದು ಪ್ರತ್ಯೇಕವಾಗಿರುವುದು. ಬೇರೆಯಾಗಿರುವುದರಿಂದಲೇ ಅದು ಕಳೆದುಹೋಗಿರುವುದು. ಅಮೆರಿಕದ ಯಂತ್ರವಾದರೆ ಅದು 120 ವೋಲ್ಟಿನದು, ಇಲ್ಲಿಯದು 230. ಗೋಡೆಗೆ ನೇರವಾಗಿ ಸೇರಿಸಿದವನು ಪರೀಕ್ಷೆಯನ್ನೂ ಯಂತ್ರವನ್ನೂ ಒಂದೇ ಕ್ಷಣದಲ್ಲಿ ಮುಗಿಸುವನು.

ನೆಗೆಟಿವು ಹಿಡಿಯುವ ಚೌಕಟ್ಟುಗಳ ವಿಷಯದಲ್ಲಿ ಒಂದೇ ಮಾತು, ಆದರೆ ಅದು ಪ್ರಾಣದ ಮಾತು. ಫಿಲ್ಮಿಗಾಗಿ ಮಾಡಿದ ಚೌಕಟ್ಟಿನಲ್ಲಿ ಗಾಜಿನ ಪ್ಲೇಟನ್ನಿಟ್ಟು ಒತ್ತಿದರೆ ಪ್ಲೇಟು ಒಡೆಯುವುದು. ಗಾಜಿನ ದಪ್ಪಕ್ಕೆ ತಕ್ಕ ಆಳವುಳ್ಳ ಚೌಕಟ್ಟು ಯಂತ್ರದೊಡನೆ ಇಲ್ಲದಿದ್ದರೆ, ಒಳ್ಳೆಯ ಬಡಗಿಯಿಂದ ಮಾಡಿಸಿಕೊಳ್ಳುವವರೆಗೂ ಪ್ಲೇಟು ಪೆಟ್ಟಿಗೆಯಲ್ಲಿಯೇ ಇರತಕ್ಕದ್ದು. ನೂರು ವರ್ಷ ಉಳಿದ ವಸ್ತುವನ್ನು ಉಳಿಸಲೆಂದು ಹೊರಟು ಒಡೆದವರ ಅಭಿಮಾನವನ್ನು ಯಾವ ಹೆಸರಿನಿಂದ ಕರೆಯಬೇಕೋ ತಿಳಿಯದು.

ಇಷ್ಟಾದ ಮೇಲೆಯೂ ಯಂತ್ರವು ಹೋಗಿ ನಿಲ್ಲುವ ಸ್ಥಳದ ವಿಚಾರ ಉಳಿದಿದೆ. ಪರದೇಶದ ಕೈಪಿಡಿಗಳು ಇದನ್ನು ಹೇಳಲಾರವು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುಮಾರ್ಗದ ಮೇಲಿರುವ ಗಾದಿಗನೂರಿನಲ್ಲಿ ಒಬ್ಬ ಗೃಹಸ್ಥನು ಕತ್ತಲೆ ಕೋಣೆಯನ್ನು ಮಾಡಿಕೊಳ್ಳುವನೆಂದು ಭಾವಿಸಿದರೆ, ಅವನ ಮೊದಲ ಶತ್ರು ಅದಿರಿನ ಗೂಡ್ಸ್ ಗಾಡಿ. ಚಿತ್ರವೊಂದಕ್ಕೆ ಇಪ್ಪತ್ತು ಮೂವತ್ತು ಸೆಕೆಂಡುಗಳ ಬೆಳಕು ಬೇಕಾಗುವುದು. ಅಷ್ಟರಲ್ಲಿ ಗಾಡಿಯೊಂದು ಹಾದರೆ ಹಳಿಯ ಸಮೀಪದ ಮನೆಗಳ ನೆಲವು ನಡುಗಿ, ಎತ್ತರದ ಕಂಬದ ತುದಿಯಲ್ಲಿರುವ ತಲೆಯು ಅದಕ್ಕಿಂತ ಹೆಚ್ಚಾಗಿ ನಡುಗುವುದು. ತಳಹಲಗೆಯ ಮೇಲೆ ಒಂದು ಬಟ್ಟಲು ನೀರನ್ನಿಟ್ಟು ನೋಡಿದರೆ ಅಲೆಗಳೇ ಸಾಕ್ಷಿ ಹೇಳುವುವು. ನೀರು ಅಲುಗುತ್ತಿರುವಾಗ ದೀಪ ಹತ್ತಿಸಬಾರದು. ತೆಳ್ಳನೆಯ ಮೇಜಿನ ಮೇಲೆ ನಿಲ್ಲಿಸುವ ಯಂತ್ರಕ್ಕಿಂತ ನೆಲದಿಂದೆದ್ದ ಕಲ್ಲುಕಟ್ಟೆಯ ಮೇಲೆ ಕೂರಿಸಬಹುದಾದ ಭಾರದ ಯಂತ್ರವು ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಮಹಾನಗರದ ಕೊಳ್ಳುವವನಿಗೆ ಭಾರವು ದೋಷ, ಇಲ್ಲಿ ಅದು ಗುಣ. ಎರಡನೆಯ ಶತ್ರು ಕೆಂಪು ಧೂಳು. ಸಂಡೂರಿನ ಗಣಿಗಳ ದಾರಿಯಲ್ಲಿರುವ ಊರುಗಳವರಿಗೆ ಅದರ ವರ್ಣನೆ ಬೇಡ. ಮುಚ್ಚುವ ತಲೆಯುಳ್ಳ, ಗಾಳಿಯನ್ನು ಒಳಕ್ಕೆಳೆಯುವ ಪಂಕವಿಲ್ಲದ ಯಂತ್ರವು ಇಲ್ಲಿ ಮೇಲು. ಮೂರನೆಯದು ಸೆಖೆ. ಮುದ್ರಣದ ದ್ರಾವಣಗಳಿಗೆ 20 ಡಿಗ್ರಿಯ ಉಷ್ಣತೆಯನ್ನು ವಿಧಿಸಿರುವರು. ವೈಶಾಖದಲ್ಲಿ 40 ಡಿಗ್ರಿಯ ಸುಮಾರಿಗೆ ಏರುವ ಸೀಮೆಯಲ್ಲಿ ನಲ್ಲಿಯ ನೀರೇ ಕಷಾಯ. ಮಾರ್ಗಶಿರ ಪುಷ್ಯಗಳ ರಾತ್ರಿಗಳಲ್ಲಿ ಕೆಲಸ ಮಾಡಿ ಉಳಿದ ಕಾಲದಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿಡುವುದೇ ವಿವೇಕ.

ಈಗ ಗುಜರಿ ಮತದವರ ಪ್ರಬಲವಾದ ಪೂರ್ವಪಕ್ಷವನ್ನು ಕೇಳಬೇಕು. ಡಿಜಿಟಲ್ ಕ್ಯಾಮರಾದಿಂದ ನೆಗೆಟಿವಿನ ಪ್ರತಿ ತೆಗೆದು ಯಂತ್ರದಲ್ಲಿ ಮುದ್ರಿಸುವುದು ಸುಲಭವಾಗಿರುವಾಗ ಈ ಗೋಳೇಕೆ ಎಂದು ಅವರು ಕೇಳುವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ಒಪ್ಪದಿರುವುದು ಹಠ. ಅಟ್ಟದ ನೆಗೆಟಿವುಗಳೆಲ್ಲದರ ಪ್ರತಿಯನ್ನು ಮೊದಲು ಆ ರೀತಿಯಲ್ಲಿಯೇ ತೆಗೆದಿಡತಕ್ಕದ್ದು. ಒಡೆದ ಪ್ಲೇಟಿಗೆ ಅದೊಂದೇ ಗತಿ. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾಗಿ ‘ಇಂದು’ ಎಂಬ ಮುದ್ರೆಯ ಫಿಲ್ಮು ಕಾಗದಗಳನ್ನು ದೇಶಕ್ಕೆಲ್ಲ ಒದಗಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಮುಚ್ಚಿಹೋಗಿರುವುದರಿಂದ, ಈಗ ಕಾಗದವು ಇಂಗ್ಲೆಂಡಿನ ಇಲ್‌ಫರ್ಡ್, ಚೆಕ್ ದೇಶದ ಫೋಮಾ ಮೊದಲಾದವರಿಂದ ಬರಬೇಕು. ಬೆಲೆ ಅಗ್ಗವಲ್ಲವೆಂಬುದೂ ನಿಜ. ಆದರೆ ಪ್ರತಿ ತೆಗೆಯುವುದು ಸುಲಭವೆಂದು ಹೇಳುವವರು ಪ್ರತಿ ತೆಗೆದಿರುವರೆ? ಸುಲಭವೆಂಬ ಕಾರಣದಿಂದಲೇ ಆ ಕೆಲಸವು ನಾಳೆಗೆ ಬಿದ್ದು ನೆಗೆಟಿವು ಮಾತ್ರ ಇಂದೇ ಹೋಗುತ್ತಿದೆ. ತೆಗೆದ ಪ್ರತಿಯೂ ಪೆಟ್ಟಿಗೆಯಂತಹ ಇನ್ನೊಂದು ಯಂತ್ರದಲ್ಲಿ ಅಡಗಿ, ಆ ಯಂತ್ರವು ಕೆಟ್ಟ ದಿನ ಅದರೊಡನೆಯೇ ಅಳಿಯುವುದುಂಟು. ಚೆನ್ನಾಗಿ ತೊಳೆದ ಬೆಳ್ಳಿಯ ಚಿತ್ರವಾದರೋ ನೋಡುವುದಕ್ಕೆ ಕಣ್ಣೊಂದನ್ನಲ್ಲದೆ ಬೇರೆ ಉಪಕರಣವನ್ನು ಕೇಳದೆ ತಲೆಮಾರುಗಳ ಕಾಲ ಗೋಡೆಯ ಮೇಲಿರುವುದು. ಇನ್ನು ಎನ್‌ಲಾರ್ಜರಿನ ತಲೆ ಕತ್ತರಿಸಿ ಹೋಟೆಲುಗಳ ಪಡಸಾಲೆಗೆ ದೀಪದ ಕಂಬ ಮಾಡುವವರೊಡನೆ ವಾದಿಸುವುದು ಕಾಗೆಯ ಹಲ್ಲನ್ನು ಎಣಿಸಿದಂತೆ.

ಬೆಲೆಯ ವಿಷಯದಲ್ಲಿ ನಿಯಮವು ಸರಳವಾಗಿದೆ. ಲೆನ್ಸು, ಚೌಕಟ್ಟು, ದೀಪದ ಪೆಟ್ಟಿಗೆ, ತಕ್ಕ ಕಂಡೆನ್ಸರು ಅಥವಾ ಹಾಲುಗಾಜು, ಇವುಗಳಲ್ಲಿ ಇಲ್ಲದುದನ್ನು ಬೇರೆ ಕಡೆಯಿಂದ ತರಿಸಲು ತಗಲುವ ವೆಚ್ಚವನ್ನೂ ಸಾಗಣೆಯನ್ನೂ ಮೊದಲು ವಿಚಾರಿಸಿ, ಪೂರ್ಣವಾದ ಯಂತ್ರದ ಬೆಲೆಯಿಂದ ಅವನ್ನು ಕಳೆದು ಉಳಿದುದನ್ನು ಮಾತ್ರ ಕೊಡತಕ್ಕದ್ದು. ಎಷ್ಟೋ ವೇಳೆ ಉಳಿಯುವುದು ಸೊನ್ನೆ. ಉಚಿತವಾಗಿ ಬಂದ ಅಪೂರ್ಣ ಯಂತ್ರವೂ ತುಟ್ಟಿಯಾಗಬಹುದೆಂಬುದು ಲೆಕ್ಕ ಮಾಡಿದವರಿಗೆ ಮಾತ್ರ ತಿಳಿಯುವುದು.

ಆದುದರಿಂದ ಗಾದಿಗನೂರಿನಿಂದಾಗಲಿ ಕಂಪ್ಲಿಯಿಂದಾಗಲಿ ಯಂತ್ರ ನೋಡಲು ಹೊರಡುವವನು ಹಣದ ಚೀಲಕ್ಕಿಂತ ಮೊದಲು ಒಂದು ರಸಮಟ್ಟ, ಒಂದು ಉಕ್ಕಿನ ಅಳತೆಪಟ್ಟಿ, ಒಂದು ಟಾರ್ಚು, ಒಂದು ಭೂತಗನ್ನಡಿ, ಗೀರಿದ ಫಿಲ್ಮಿನ ತುಂಡು, ತನ್ನ ನೆಗೆಟಿವಿನ ಅಳತೆಗೆ ಕತ್ತರಿಸಿದ ಒಂದು ರಟ್ಟು, ಇಷ್ಟನ್ನು ಜೋಡಿಸಿಕೊಳ್ಳಲಿ. ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ದೀಪಗಳನ್ನು ಆರಿಸಿಸಿ, ತಿದಿಯೊಳಗೆ ಟಾರ್ಚನ್ನಿಟ್ಟು ಮಡಿಕೆಗಳಲ್ಲಿ ನಕ್ಷತ್ರಗಳು ಕಾಣುವುವೋ ನೋಡಲಿ. ಕತ್ತಲೆ ಮಾಡಲು ಮಾರುವವನು ಒಪ್ಪದಿದ್ದರೆ ಅಂದಿನ ಗಾಡಿಗೇ ಹಿಂದಿರುಗಲಿ.